ಗಾಳಿ ಖಾಲಿ ಆಗೋ ಮುನ್ನ ಒಂದು ಪ್ಲೇಟ್ ಒಗ್ಗರಣಿ

ಮಂಗಳ ಗ್ರಹದ ಗಾಳಿ ಸೋರಿಹೋಗಿದೆ. ಇದರ ಬಹುಪಾಲು ನಡೆದು ಮುನ್ನೂರು, ನಾನೂರು ಕೋಟಿ ವರ್ಷಗಳಾದವು. ಟಿವಿಯವರಿಗೆ ಮೊನ್ನೆ ಗೊತ್ತಾಯಿತು. ಹಾಗಾಗಿ ಅದು ಬ್ರೇಕಿಂಗ್ ನ್ಯೂಸ್.

'ಭೂಮಿಗೂ ಕಾದಿದೆಯಾ ಗಂಡಾಂತರ?' ಅಂತ ಕೆಂಪಕ್ಷರ ಬಂತು. ಕೊನೆಯಲ್ಲಿರುವ ಆ ಪ್ರಶ್ನೆ ಚಿಹ್ನೆ ಇದೆಯಲ್ಲ, ಬಹಳ ಉಪಕಾರಿ. ಅದೊಂದು ಇದ್ದರೆ ಏನು ಬೇಕಾದರೂ ಹೇಳಬಹುದು. ನಾಳೆ ಯಾರಾದರೂ ತಡವಿದರೆ 'ನಾವು ಕೇಳಿದ್ದು, ಹೇಳಿದ್ದಲ್ಲ' ಅಂದರಾಯಿತು. ಹಿಂದೆ ಗ್ರಾಫಿಕ್ಸ್‌ನಲ್ಲಿ ಭೂಮಿ ಧಗಧಗ ಉರಿಯುತ್ತಿತ್ತು. ಗಾಳಿಯೇ ಹೋದ ಮೇಲೆ ಬೆಂಕಿ ಹೇಗೆ ಹತ್ತಿತು ಅಂತ ಕೇಳಬೇಡಿ. ಗ್ರಾಫಿಕ್ಸ್ ವಿಭಾಗಕ್ಕೆ ಆಮ್ಲಜನಕ ಬೇಕಾಗಿಲ್ಲ.

ಚರ್ಚೆಗೆ ಇಬ್ಬರು. ಜ್ಯೋತಿಷಿಗಳು ಸ್ಟುಡಿಯೋದಲ್ಲಿ, ರೇಷ್ಮೆ ಶಲ್ಯ ಹೊದ್ದು. ವಿಜ್ಞಾನಿ ಫೋನಿನಲ್ಲಿ, ಅದೂ ಗರಗರ ಅನ್ನುವ ಫೋನಿನಲ್ಲಿ. ಪಾಪ, ಅವರು ಸರಿಯಾಗಿಯೇ ಶುರು ಮಾಡಿದರು. ಮಂಗಳ ಚಿಕ್ಕ ಗ್ರಹ. ಅದರ ಎಳೆತದಿಂದ ಪಾರಾಗಲು ಸೆಕೆಂಡಿಗೆ 5 ಕಿಲೋಮೀಟರ್ ವೇಗ ಸಾಕು, ಭೂಮಿಯಿಂದಾದರೆ 11.2 ಬೇಕು. ಒಡಲು ತಣ್ಣಗಾಗುತ್ತಾ ಅದರ ಕಾಂತಕ್ಷೇತ್ರ, ಅಂದರೆ ಗ್ರಹದ ಸುತ್ತ ಇದ್ದ ಆಯಸ್ಕಾಂತದ ಗುರಾಣಿ, ಸತ್ತುಹೋಯಿತು. ಸೂರ್ಯನಿಂದ ಬೀಸುವ ಕಣಗಳು ನೇರವಾಗಿ ಬಂದು ಗಾಳಿಯನ್ನು ಕೆರೆದುಕೊಂಡು ಹೋಗತೊಡಗಿದವು. ನಾಸಾದ ಮೇವೆನ್ ನೌಕೆ ಅಳೆದು ನೋಡಿದೆ. ಈಗಲೂ ಸೆಕೆಂಡಿಗೆ ಸುಮಾರು 100 ಗ್ರಾಂ ಹೋಗುತ್ತಿದೆ ಅಂತ 2015ರಲ್ಲಿ ನಾಸಾದವರು ಹೇಳಿದರು.

100 ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ. ಮಿರ್ಚಿ ಬಿಟ್ಟು.

'ಆದರೆ ಶುಕ್ರನಿಗೂ ಸ್ವಂತ ಕಾಂತಕ್ಷೇತ್ರ ಇಲ್ಲ. ಆದರೂ ಅಲ್ಲಿ ನಮ್ಮ 90 ಪಟ್ಟು ಒತ್ತಡದ ಗಾಳಿ ಇದೆ. ಹಾಗಾಗಿ ಈ ವಿಷಯ ಅಷ್ಟು ಸರಳ...' ಅನ್ನುವಷ್ಟರಲ್ಲಿ ನಿರೂಪಕರು ತಡೆದರು.

'ಸರ್, ಒಂದೇ ಮಾತಲ್ಲಿ ಹೇಳಿ. ನಮಗೆ ಅಪಾಯ ಇದೆಯಾ ಇಲ್ವಾ?'

'ಇಲ್ಲ.'

'ನೋಡಿ ವೀಕ್ಷಕರೇ, ಅಪಾಯದ ಬಗ್ಗೆ ಸ್ವತಃ ವಿಜ್ಞಾನಿಗಳೇ ಮಾತಾಡ್ತಿದ್ದಾರೆ!'

ಲೈನ್ ಕಟ್ಟಾಯಿತು. ಉಳಿದ ಹೊತ್ತೆಲ್ಲ ಕುಜ ದೋಷಕ್ಕೆ. ನನಗೆ ತಿಳಿಯದ್ದು ಇಷ್ಟೇ: ತನ್ನ ಗಾಳಿಯನ್ನೇ ಹಿಡಿದಿಟ್ಟುಕೊಳ್ಳಲಾಗದ ಕುಜ, ಸಿಂಧನೂರಿನ ಹುಡುಗಿಯ ಮದುವೆಯನ್ನು ಮಾತ್ರ ಅಷ್ಟು ಗಟ್ಟಿಯಾಗಿ ಹೇಗೆ ಹಿಡಿದಿಟ್ಟಿದ್ದಾನೆ?

ಗ್ರಹದಿಂದ ಹಗುರ ಅನಿಲಗಳು ಮೊದಲು ಪಾರಾಗುತ್ತವೆ. ಹೈಡ್ರೋಜನ್, ಹೀಲಿಯಂ. ಭಾರದವು ಉಳಿಯುತ್ತವೆ. ವಿಜ್ಞಾನದ ಸುದ್ದಿಯದ್ದೂ ಇದೇ ನಿಯಮ. ಲ್ಯಾಬಿನಿಂದ ಹೊರಡುವಾಗ ಅದರಲ್ಲಿ 'ಬಹುಶಃ', 'ಸುಮಾರು', 'ಕೋಟ್ಯಂತರ ವರ್ಷಗಳಲ್ಲಿ' ಎಲ್ಲ ಇರುತ್ತವೆ. ಪತ್ರಿಕಾ ಪ್ರಕಟಣೆಯಲ್ಲೇ 'ಬಹುಶಃ' ಹಾರಿತು. ವೆಬ್‌ಸೈಟಿನಲ್ಲಿ 'ಸುಮಾರು' ಹೋಯಿತು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೋಟಿ ವರ್ಷಗಳೂ ಆವಿಯಾದವು. ರಾಯಚೂರಿನ ತೀನ್ ಕಂದಿಲ್ ಹತ್ತಿರದ ಹೋಟೆಲಿಗೆ ಬಂದು ಮುಟ್ಟಿದ್ದು ಎರಡೇ ಮಾತು: ಗಾಳಿ, ಖಾಲಿ.

'ಸರ್ರ, ಗಾಳಿ ಹೊಂಟದಂತಲ್ರೀ? ಎರಡು ಸಿಲಿಂಡರ್ ಜಾಸ್ತಿ ಬುಕ್ ಮಾಡಿ ಇಡ್ಲೇನ್ರಿ?' ಅಂದ ಹೋಟೆಲಿನವನು.

'ಅದು ಗ್ಯಾಸ್ ಅಲ್ಲಪ್ಪಾ, ಗಾಳಿ.'

'ಯಾವುದಾದ್ರೇನ್ರಿ, ಮೊದ್ಲು ರೇಟ್ ಏರತದ.'

ಭೂಮಿಯಿಂದಲೂ ಅನಿಲ ಸೋರುತ್ತಿದೆ ಅನ್ನುವುದು ನಿಜವೇ. ಸೆಕೆಂಡಿಗೆ ಸುಮಾರು 3 ಕಿಲೋ ಹೈಡ್ರೋಜನ್ ಹೋಗುತ್ತದೆ. ವರ್ಷಕ್ಕೆ 95 ಸಾವಿರ ಟನ್ ಹತ್ತಿರ. ಇಷ್ಟು ಹೇಳಿ ನಿಲ್ಲಿಸಿದರೆ ಒಂದು ತಾಸಿನ ಕಾರ್ಯಕ್ರಮ ರೆಡಿ. ನಮ್ಮ ವಾತಾವರಣದ ಒಟ್ಟು ತೂಕ 50 ಕೋಟಿ ಕೋಟಿ ಟನ್ ಅಂದರೆ ಕಾರ್ಯಕ್ರಮ ಅಲ್ಲಿಗೇ ಮುಗಿಯಿತು. ಎಲ್ಲವೂ ಇದೇ ವೇಗದಲ್ಲಿ ಹೋದರೂ 5 ಸಾವಿರ ಕೋಟಿ ವರ್ಷ ಬೇಕು. ಸೂರ್ಯನಿಗೆ ಉಳಿದಿರುವ ಆಯುಷ್ಯವೇ ಸುಮಾರು 500 ಕೋಟಿ ವರ್ಷ. ಈ ಭಾಗಾಕಾರ ಮಾಡಲು ಹತ್ತು ರೂಪಾಯಿ ಪೆನ್ನು ಸಾಕು. ಆದರೆ ಭಾಗಾಕಾರಕ್ಕೆ ಟಿಆರ್‌ಪಿ ಇಲ್ಲ.

ನಮ್ಮದೇ ಮಂಗಳಯಾನದ ಕಥೆ ನೋಡಿ. 450 ಕೋಟಿ ರೂಪಾಯಿ, ಸಿನಿಮಾಕ್ಕಿಂತ ಅಗ್ಗ ಅನ್ನುವುದು ಮಕ್ಕಳಿಗೂ ಬಾಯಿಪಾಠ. 2014ರಿಂದ ಅದು ಮಂಗಳವನ್ನು ಸುತ್ತುತ್ತಾ, ಅಲ್ಲಿನ ಗಾಳಿಯ ತುತ್ತತುದಿಯಲ್ಲಿ ಲೆಕ್ಕಕ್ಕಿಂತ ಬಿಸಿಯಾದ ಆರ್ಗಾನ್ ಅನಿಲ ಇದೆ ಅಂತ ಪತ್ತೆಮಾಡಿತು. ಬಿಸಿ ಹೆಚ್ಚಿದಷ್ಟೂ ಕಣದ ಓಟ ಜೋರು, ಹಾಗಾಗಿ ಗಾಳಿ ಪಾರಾಗುವುದು ಹೇಗೆ ಅನ್ನುವುದಕ್ಕೆ ಅದೊಂದು ಸುಳಿವು. ಯಾವ ಹೋಟೆಲಿನಲ್ಲೂ ಆ ಮಾತು ಬರಲಿಲ್ಲ. ರೇಟು ಬಂತು, ಮಾಲು ಬರಲಿಲ್ಲ.

ಹಾಗಂತ ನಮ್ಮ ಜಿಲ್ಲೆಗೆ ವಿಜ್ಞಾನ ಬಂದೇ ಇಲ್ಲ ಅನ್ನುವಂತಿಲ್ಲ. 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣ ನೋಡಲು ಖಗೋಳ ವಿಜ್ಞಾನಿಗಳು ದೂರದರ್ಶಕ ಹೊತ್ತು ಜವಳಗೇರಾಕ್ಕೇ ಬಂದಿದ್ದರು. ಆಕಾಶವೇ ಊರಿಗೆ ಬಂದಾಗ ದೇಶದ ತುಂಬ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಈಗ ಆ ಕಷ್ಟವಿಲ್ಲ. ಬಾಗಿಲು ಹಾಕಿಕೊಂಡೇ ಟಿವಿ ನೋಡಬಹುದು.

ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಶಕ್ತಿನಗರದ ಕಡೆ ಇದೇ ಚರ್ಚೆ ನೋಡುತ್ತಿದ್ದವರು ಟಿವಿ ಮೇಲಿನ ಹಾರುಬೂದಿ ಒರೆಸಿಕೊಂಡು ನೋಡಿರಬೇಕು. ಆ ಗಾಳಿಯ ಬಗ್ಗೆ ಪ್ಯಾನೆಲ್ ಕೂರಲಿಲ್ಲ. ಅದು ಎಲ್ಲೂ ಓಡಿಹೋಗುತ್ತಿಲ್ಲವಲ್ಲ, ಅವಸರ ಏನು?

ಕೊನೆಗೆ ಜನರ ಅಭಿಪ್ರಾಯ ಕೇಳಲು ವರದಿಗಾರ ಮೈಕ್ ಹಿಡಿದು ದೇವದುರ್ಗದ ಕಡೆ ಹೋದ. ಮೇ ತಿಂಗಳ ಮಧ್ಯಾಹ್ನ. ಬೇವಿನ ಮರದ ಕೆಳಗೆ ಒಬ್ಬ ಅಜ್ಜಿ ಸೆರಗಿನಿಂದ ಬೀಸಿಕೊಳ್ಳುತ್ತಾ ಕೂತಿದ್ದಳು.

'ಅಮ್ಮಾ, ಗಾಳಿ ಖಾಲಿ ಆದ್ರೆ ಏನ್ ಮಾಡ್ತೀರಿ?'

'ಇಲ್ಲಿ ಗಾಳಿ ಯಾವಾಗ ಇತ್ತೋ ತಮ್ಮಾ? ಕರೆಂಟ್ ಬಂದ್ರ ಫ್ಯಾನ್ ತಿರುಗತದ, ಇಲ್ಲಾಂದ್ರ ಹಿಂಗ.'

ಐದು ನಿಮಿಷದಲ್ಲಿ ಕೆಂಪಕ್ಷರ ಬದಲಾಯಿತು: 'ರಾಯಚೂರಿನಲ್ಲಿ ಆಗಲೇ ಗಾಳಿ ಖಾಲಿ! ವೃದ್ಧೆಯ ಶಾಕಿಂಗ್ ಹೇಳಿಕೆ!' ಈ ಸಲ ಪ್ರಶ್ನೆ ಚಿಹ್ನೆಯೂ ಇರಲಿಲ್ಲ.