ಲಿಫ್ಟಿನಲ್ಲಿ 13 ಸಲ ಸತ್ತವನು

ನಿನ್ನೆ ರಾತ್ರಿ ನಾನು ಲಿಫ್ಟಿನಲ್ಲಿ 13 ಸಲ ಸತ್ತೆ. ಬೆಳಿಗ್ಗೆ ನನ್ನ ಕೆಂಪು ಕಣ್ಣು ನೋಡಿ ಅಮ್ಮ, “ನಿದ್ದೆ ಬರ್ಲಿಲ್ವೇನೋ?” ಅಂದಳು. ಬಂತಮ್ಮ, ಚಿರನಿದ್ರೆ.

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಅಲ್ಲ. ಅದು ಕೆಟ್ಟು ನಾಲ್ಕು ದಿನವಾಯಿತು, ಅದರಲ್ಲಿ ಸಾಯುವ ಭಾಗ್ಯವೂ ಇಲ್ಲ. ಇದು 2003ರ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ವಿಡಿಯೋ ಗೇಮಿನೊಳಗಿನ ಲಿಫ್ಟ್. ಹಾಸ್ಟೆಲಿನಲ್ಲಿದ್ದಾಗ ಒಮ್ಮೆ ಆಡಿ ಮುಗಿಸಿದ್ದೆ. ಆಗ ಬೆರಳು ಚುರುಕಾಗಿದ್ದವು.

ಓಟ, ಜಿಗಿತದ ಮಟ್ಟಿಗೆ ಈ ಆಟಕ್ಕೆ ಇವತ್ತಿಗೂ ಕೈ ಮುಗಿಯಬೇಕು. ರಾಜಕುಮಾರ ಗೋಡೆಯ ಮೇಲೆ ಅಡ್ಡಡ್ಡ ಓಡುತ್ತಾನೆ, ಕಂಬಿಗೆ ಜೋತು ಜೀಕುತ್ತಾನೆ, ಶತ್ರುವಿನ ತಲೆಯ ಮೇಲಿಂದ ಹಾರಿ ಅವನ ಬೆನ್ನ ಹಿಂದೆ ಇಳಿಯುತ್ತಾನೆ. ಮೂರು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತವನಿಗೆ ಇದನ್ನು ನೋಡುವುದೇ ಒಂದು ಆರೋಗ್ಯ. ಅಮ್ಮನ ಪ್ರಶ್ನೆ ಮಾತ್ರ ಬೇರೆ. “ಇಷ್ಟು ದೊಡ್ಡ ಅರಮನೇಲಿ ಮೆಟ್ಟಿಲು ನೆಟ್ಟಗಿಟ್ಟುಕೊಳ್ಳೋಕೆ ಆಗ್ಲಿಲ್ವಾ ಅವರಿಗೆ?”

ರಾಜಕುಮಾರನನ್ನು ನಮಗೆ ತೋರಿಸುವ ಆಟದ ಕ್ಯಾಮೆರಾದ ಬಗ್ಗೆ ಹೇಳದಿರುವುದೇ ಒಳ್ಳೆಯದು. ಮದುವೆ ವಿಡಿಯೋದವನು ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಫ್ಯಾನ್ ತೋರಿಸುತ್ತಾನಲ್ಲ, ಹಾಗೆ. ನಾನು ಎಡಕ್ಕೆ ಹಾರಿದಾಗ ಅದು ಬಲಕ್ಕೆ ತಿರುಗಿರುತ್ತದೆ. ನನ್ನ ಎಡ ಯಾವುದು ಎಂದು ಯೋಚಿಸುವಷ್ಟರಲ್ಲಿ ಪಾತಾಳ.

ಇನ್ನು ಜಗಳ. ಮರಳಿನ ರಾಕ್ಷಸರನ್ನು ಹೊಡೆದು ಬೀಳಿಸಿದರೆ ಸಾಲದು, ಮಾಯಾ ಚೂರಿ ಚುಚ್ಚಿ ಮರಳು ಹೀರಬೇಕು. ಇಲ್ಲದಿದ್ದರೆ ಮತ್ತೆ ಎದ್ದು ನಿಲ್ಲುತ್ತಾರೆ. ಸಿಂಕಿನ ಪಾತ್ರೆಗಳ ಹಾಗೆ, ಮುಗಿಯಿತು ಎಂದು ಕೈ ಒರೆಸಿಕೊಂಡರೆ ಇನ್ನೆರಡು. ಆ ಲಿಫ್ಟಿನಲ್ಲಿ ಜಾಗವೂ ಕಮ್ಮಿ. ಜೊತೆಗೆ ಫರಾ, ಭಾರತದ ಮಹಾರಾಜನ ಮಗಳು. ಬಿಲ್ಲು ಹಿಡಿದು ಸಹಾಯಕ್ಕೆ ನಿಂತಿರುತ್ತಾಳೆ, ಆದರೆ ಅವಳು ಸತ್ತರೂ ಆಟ ಮುಗಿದಂತೆಯೇ. ಕಾಲವನ್ನು ಹಿಂದಕ್ಕೆ ಸುತ್ತುವ ಸೌಲಭ್ಯವೂ ಇದೆ, ಹೆಚ್ಚೆಂದರೆ 10 ಸೆಕೆಂಡ್. ನಾನು ತಪ್ಪು ಮಾಡಿದ್ದೇನೆ ಎಂದು ನನಗೆ ಗೊತ್ತಾಗುವುದಕ್ಕೇ ಅಷ್ಟು ಹೊತ್ತು ಬೇಕು.

ಆದರೂ ಈ ಆಟವನ್ನು ಬಿಡಲಾಗದು. ಅದಕ್ಕೆ ಕಾರಣ ರಾಜಕುಮಾರನ ಒಂದು ಚಾಳಿ. ಇಡೀ ಆಟ ಅವನು ಹೇಳುತ್ತಿರುವ ಕಥೆ. ನಾವು ಬಿದ್ದು ಸತ್ತರೆ ಅವನು ಮಧ್ಯೆ ಬಾಯಿ ಹಾಕಿ, ಛೆ, ಅದು ಹಾಗಾಗಲಿಲ್ಲ, ನಾನು ತಪ್ಪು ಹೇಳಿದೆ ಎಂದು ತಿದ್ದಿಕೊಳ್ಳುತ್ತಾನೆ. ಸತ್ತವನು ನಾನು, ನೆನಪಿನ ದೋಷ ಅವನದು!

ಇದು ಪೂರ್ತಿ ನಮ್ಮಮ್ಮನ ಶೈಲಿ. “ಮಂಗಳವಾರ ಹುಣಸೂರಿಗೆ ಹೊರಟ್ವಿ. ಅಲ್ಲ ಅಲ್ಲ, ಬುಧವಾರ. ಮಂಗಳವಾರ ಹಾಲಿನವನು ಬಂದಿರ್ಲಿಲ್ಲ. ಬಸ್ಸಲ್ಲಿ ನಿಮ್ಮತ್ತೆ ಸಿಕ್ಕಿದ್ರು. ಅಲ್ಲ, ಅತ್ತೆ ಅಲ್ಲ, ಅವರ ತಂಗಿ. ಅತ್ತೆ ಆಗಲೇ ಹೋಗಿಬಿಟ್ಟಿದ್ರಲ್ಲ, ಪಾಪ.” ಹೀಗೆ ಅರ್ಧ ಗಂಟೆಯಲ್ಲಿ ಇಬ್ಬರು ಸತ್ತು ಬದುಕುತ್ತಾರೆ, ಬಸ್ಸು ಮಾತ್ರ ಸ್ಟ್ಯಾಂಡ್ ಬಿಟ್ಟಿರುವುದಿಲ್ಲ. ಈ ಕಥೆಯನ್ನೂ 13 ಸಲ ಕೇಳಿದ್ದೇನೆ. ಹುಣಸೂರು ಇನ್ನೂ ಬಂದಿಲ್ಲ.

1989ರಲ್ಲಿ ಬಂದ ಮೊದಲ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ಮಾಡಿದ ಜೋರ್ಡಾನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದನ್ನು ನೋಡಿಕೊಂಡು ರಾಜಕುಮಾರನ ನಡೆಯನ್ನು ಬರೆದನಂತೆ. ನನ್ನ ತಮ್ಮ ಒಂದು ಲೋಟ ನೀರಿಗೂ ಎದ್ದವನಲ್ಲ. ಆದರೆ ಕಂಪ್ಯೂಟರ್ ಕ್ಲಾಸಿನಲ್ಲಿ ಆ ಹಳೆಯ ಆಟವನ್ನು ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ಆಡಿದ್ದೆವು. ಬಾಣದ ಗುಂಡಿಗಳು ನನ್ನವು, ಕತ್ತಿ ಅವನದು. 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕಿತ್ತು. ಅಷ್ಟರಲ್ಲಿ ಮುಂದಿನ ಬ್ಯಾಚಿನವರು ಬಂದು ನಮ್ಮನ್ನೇ ಎಬ್ಬಿಸುತ್ತಿದ್ದರು.

2003ರ ಆಟದ ಕೊನೆಯಲ್ಲಿ ಕಾಲ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಫರಾಗೆ ರಾಜಕುಮಾರನ ಗುರುತೇ ಇರುವುದಿಲ್ಲ. ಅಷ್ಟೆಲ್ಲ ಜೊತೆಗೆ ಹಾರಿದ್ದು ಅವನೊಬ್ಬನಿಗೇ ನೆನಪು. (ಹಳೆಯ ಆಟ, ಕೊನೆ ಹೇಳಿದೆ ಎಂದು ಬೈಯಬೇಡಿ.)

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದೆ. “ಯಾವ ಗೇಮಣ್ಣ?” ಅಂದ. ಕುರ್ಚಿ, ಕತ್ತಿ, ಬ್ಯಾಚು ಎಲ್ಲ ಹೇಳಿದೆ. “ಇರಬಹುದು. ಮೀಟಿಂಗ್ ಇದೆ, ಆಮೇಲೆ ಮಾಡ್ತೀನಿ” ಎಂದು ಇಟ್ಟ.

ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. “ಅವನಿಗೆಲ್ಲಿ ನೆನಪಿರುತ್ತೋ? ಕ್ಲಾಸಿಗೆ ನಿನ್ ಜೊತೆ ಬರ್ತಿದ್ದಿದ್ದು ಅವನಲ್ಲ, ನಿನ್ ಮಾವನ ಮಗ. ಅಲ್ಲ ಅಲ್ಲ, ತಾಳು...”