ತಲೆಯೆತ್ತಿ ನಡೆಯಲಾಗದ ದ್ವೀಪ

ಫಾರ್ನ್ ದ್ವೀಪಗಳಿಗೆ ಹೋಗುವಾಗ ತಲೆಗೆ ಟೋಪಿ ಇರಲೇಬೇಕೆಂದು ಅಕ್ಕನ ಮಗಳು ನನಗೆ ಮೂರು ಸಲ ಹೇಳಿದ್ದಳು. ಮೊದಲ ಸಲ ಹೇಳಿದಾಗ ನಾನು ಪತ್ರಿಕೆ ಓದುತ್ತಿದ್ದೆ. ಎರಡನೆಯ ಸಲ ಹೇಳಿದಾಗ ನಕ್ಕೆ. ಮೂರನೆಯ ಸಲ ಹೇಳುವ ಹೊತ್ತಿಗೆ ನಾವಿಬ್ಬರೂ ದೋಣಿಯಲ್ಲಿದ್ದೆವು, ಟೋಪಿ ಮನೆಯಲ್ಲಿತ್ತು. ಹನ್ನೆರಡು ವರ್ಷದ ಈ ಹುಡುಗಿಯ ದೃಷ್ಟಿಯಲ್ಲಿ ಪ್ರಪಂಚವೆಂದರೆ ಹಕ್ಕಿಗಳು. ಮರ, ತಂತಿ, ಗೋಡೆ, ಸೋದರಮಾವ ಮುಂತಾದವೆಲ್ಲ ಹಕ್ಕಿಗಳು ಕೂರುವುದಕ್ಕಾಗಿ ಮಾಡಿರುವ ಏರ್ಪಾಡುಗಳು. "ನೀನು ಮರೀತೀಯಾ ಅಂತ ಗೊತ್ತಿತ್ತು ಮಾಮ, ಅದಕ್ಕೇ ಒಂದು ಜಾಸ್ತಿ ತಂದಿದೀನಿ" ಎಂದು ಅವಳು ಚೀಲದಿಂದ ತೆಗೆದದ್ದು ಹಳದಿ ಬಣ್ಣದ, ಹಣೆಯ ಭಾಗದಲ್ಲಿ ನಗುವ ಬಾತುಕೋಳಿಯ ಚಿತ್ರವಿದ್ದ ಮಕ್ಕಳ ಟೋಪಿ. ನನ್ನ ತಲೆಯ ಮೇಲೆ ಕೂದಲಿನ ಕಾಲ ಮುಗಿದು ಕೆಲವು ವರ್ಷಗಳಾಗಿದ್ದರೂ ಮರ್ಯಾದೆಯ ಕಾಲ ಇನ್ನೂ ಮುಗಿದಿಲ್ಲವೆಂಬ ನಂಬಿಕೆಯಲ್ಲಿದ್ದ ನಾನು, ಅದನ್ನು ಅಷ್ಟೇ ಮರ್ಯಾದೆಯಿಂದ ಅವಳ ಚೀಲಕ್ಕೆ ಹಿಂದಿರುಗಿಸಿದೆ.

ಇಂಗ್ಲೆಂಡಿನ ಈಶಾನ್ಯ ಅಂಚಿನಲ್ಲಿ, ನಾರ್ಥಂಬರ್‌ಲ್ಯಾಂಡ್ ಕರಾವಳಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಉತ್ತರ ಸಮುದ್ರದೊಳಗೆ ಚೆಲ್ಲಿದಂತೆ ಬಿದ್ದಿರುವ ಕಪ್ಪು ಕಲ್ಲಿನ ಗುಂಪಿಗೆ ಫಾರ್ನ್ ದ್ವೀಪಗಳೆಂದು ಹೆಸರು. ಅವು ಒಟ್ಟು ಎಷ್ಟು ಎಂಬ ಪ್ರಶ್ನೆಗೆ ಭರತದಲ್ಲಿ ಒಂದು ಉತ್ತರ, ಇಳಿತದಲ್ಲಿ ಇನ್ನೊಂದು. 1925ರಿಂದ ಇವು ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ವಶದಲ್ಲಿವೆ. 2022ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತ ಮೇಲೆ ಜನ ಇಳಿಯುವುದನ್ನು ನಿಲ್ಲಿಸಲಾಗಿತ್ತು. ಇನ್ನರ್ ಫಾರ್ನ್ ಎಂಬ ಮುಖ್ಯ ದ್ವೀಪ 2024ರ ವಸಂತದಲ್ಲಿ ಮತ್ತೆ ತೆರೆಯಿತು. ಮೇ ಮತ್ತು ಜೂನ್ ಅಲ್ಲಿನ ಹಕ್ಕಿಗಳಿಗೆ ಬಾಣಂತನದ ತಿಂಗಳುಗಳು. ಬಾಣಂತಿಯ ಕೋಣೆಗೆ ಕ್ಯಾಮೆರಾ ಹಿಡಿದುಕೊಂಡು ಹೋಗುವ ಅಪರಿಚಿತನಿಗೆ ಎಂಥ ಸ್ವಾಗತ ಸಿಗಬಹುದೆಂದು ಮುಂಚೆಯೇ ಊಹಿಸಬಹುದಾಗಿತ್ತು. ನಾನು ಊಹಿಸಲಿಲ್ಲ.

ಸೀಹೌಸಸ್ ಎಂಬ ಬಂದರಿನಿಂದ ಹೊರಟ ದೋಣಿ ಮೊದಲು ಸೀಲ್ ಎಂಬ ಕಡಲ ಪ್ರಾಣಿಗಳು ಮಲಗುವ ಬಂಡೆಗಳ ಹತ್ತಿರ ನಿಧಾನಿಸಿತು. ಹೊಟ್ಟೆಯೊಳಗೂ ಒಂದು ಸಣ್ಣ ಉತ್ತರ ಸಮುದ್ರ ಏಳತೊಡಗಿದ್ದರಿಂದ ಗಮನವನ್ನು ಬೇರೆಡೆಗೆ ಹರಿಸುವುದು ಒಳ್ಳೆಯದೆನಿಸಿ, ಅಲ್ಲಿದ್ದ ಬೂದು ಸೀಲ್‌ಗಳಲ್ಲೆಲ್ಲ ದೊಡ್ಡದಾಗಿದ್ದ, ಬಲು ಗಂಭೀರವಾಗಿ ಕದಲದೆ ಒರಗಿದ್ದ ಒಂದನ್ನು ಆರಿಸಿಕೊಂಡು ಬೇರೆ ಬೇರೆ ಕೋನಗಳಿಂದ ಹದಿನೇಳು ಚಿತ್ರಗಳನ್ನು ತೆಗೆದೆ. "ಮಾಮ, ಅದು ಬಂಡೆ" ಎಂದಳು ಪುಟ್ಟಿ. ಅದೇ ಹೊತ್ತಿಗೆ, ನಾನು ಬಂಡೆಯೆಂದು ತೀರ್ಮಾನಿಸಿ ಚಿತ್ರದ ಚೌಕಟ್ಟಿನಿಂದ ಹೊರಗಿಟ್ಟಿದ್ದ ವಸ್ತು ಬಾಯಿ ತೆರೆದು ಆಕಳಿಸಿ ಮಗ್ಗುಲು ಬದಲಿಸಿತು. ಇವುಗಳ ಹೆರಿಗೆ ಶರತ್ಕಾಲದಲ್ಲಿ ಆಗುವುದರಿಂದ ಬೇಸಿಗೆಯ ಆರಂಭದಲ್ಲಿ ಅವುಗಳಿಗೆ ತಿನ್ನುವುದು ಮತ್ತು ಮಲಗುವುದನ್ನು ಬಿಟ್ಟರೆ ಬೇರೆ ಜವಾಬ್ದಾರಿ ಹೆಚ್ಚೇನೂ ಇರುವುದಿಲ್ಲ. ಇಡೀ ಪ್ರವಾಸದಲ್ಲಿ ನನ್ನ ಮೇಲೆ ಯಾವ ದೂರೂ ಇಲ್ಲದಿದ್ದ ಪ್ರಾಣಿ ಅದೊಂದೇ ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಇನ್ನರ್ ಫಾರ್ನ್‌ನ ಕಟ್ಟೆಯಲ್ಲಿ ಇಳಿದು, ಹಲಗೆ ಹಾಸಿದ ದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಯಾರೋ ಚಿಕ್ಕ ಸುತ್ತಿಗೆಯಿಂದ ನನ್ನ ನೆತ್ತಿಗೆ ಮೊಳೆ ಹೊಡೆದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಮೇಲೆ ನೋಡಿದರೆ ಆಕಾಶವೇ ಕಾಣುತ್ತಿರಲಿಲ್ಲ. ಬೆಳ್ಳಗಿನ, ಕತ್ತರಿಯಂಥ ಬಾಲದ, ಕರಿಟೋಪಿ ತೊಟ್ಟಂತಿದ್ದ ಹಕ್ಕಿಗಳು ಕರ್ಕಶವಾಗಿ ಕಿರುಚುತ್ತಾ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿದ್ದವು. ಇವು ಆರ್ಕ್ಟಿಕ್ ಟರ್ನ್‌ಗಳು, ಕನ್ನಡದಲ್ಲಿ ರೀವ ಎಂದು ಕರೆಯುವ ಹಕ್ಕಿಯ ಬಳಗ. ಒಂದೊಂದರ ತೂಕ ನೂರು ಗ್ರಾಂ ಆಸುಪಾಸು, ಎಂದರೆ ಒಂದು ಸಾಬೂನಿನಷ್ಟು. ಆದರೆ ಆ ಸಾಬೂನಿನ ತುದಿಗೆ ರಕ್ತಗೆಂಪಿನ ಚೂಪು ಕೊಕ್ಕನ್ನು ಸಿಕ್ಕಿಸಿ, ಎರಡು ಮೊಟ್ಟೆಗಳ ತಾಯಿಯ ಸಿಟ್ಟನ್ನು ತುಂಬಿ, ಮೂರಾಳು ಎತ್ತರದಿಂದ ಬಿಟ್ಟರೆ ಏನಾಗುತ್ತದೆಂಬುದನ್ನು ಅನುಭವಿಸಿಯೇ ತಿಳಿಯಬೇಕು. ಅವು ಗೂಡು ಕಟ್ಟುವ ಗೋಜಿಗೆ ಹೋಗುವುದಿಲ್ಲ. ನೆಲದಲ್ಲಿ ಒಂದು ತಗ್ಗು ಮಾಡಿ, ದಾರಿಯ ಪಕ್ಕದಲ್ಲಿಯೇ ಮಣ್ಣುಬಣ್ಣದ ಮೊಟ್ಟೆಗಳನ್ನಿಟ್ಟು, ಆ ದಾರಿಯಲ್ಲಿ ನಡೆಯುವವರೆಲ್ಲ ಮೊಟ್ಟೆಗಳ್ಳರೆಂದು ಶಂಕಿಸುತ್ತವೆ. ಬೈಲಾಟದ ರಾಕ್ಷಸನೂ ಇಷ್ಟು ಬೇಗ ರಂಗಕ್ಕೆ ನುಗ್ಗುವುದಿಲ್ಲ.

ಎರಡನೆಯ ಮೊಳೆ ಬಿದ್ದ ಮೇಲೆ ನೆತ್ತಿ ಮುಟ್ಟಿ ನೋಡಿದೆ. ಬೆರಳಿಗೆ ಕೆಂಪು ಹತ್ತಿತ್ತು. ನನ್ನ ಬೆನ್ನ ಹಿಂದೆ ನಿಶ್ಚಿಂತಳಾಗಿ ಬರುತ್ತಿದ್ದ ಪುಟ್ಟಿಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ. ಅದರ ಗುಟ್ಟನ್ನು ಅವಳೇ ವಿವರಿಸಿದಳು. "ಅವು ಎಲ್ಲಕ್ಕಿಂತ ಎತ್ತರ ಇರೋದನ್ನ ಹೊಡೆಯುತ್ತೆ ಮಾಮ. ಅದಕ್ಕೇ ನಿನ್ನ ಹಿಂದೆ ಬರ್ತಿದೀನಿ." ಸಿಡಿಲಿನ ವಿಷಯದಲ್ಲಿ ತೆಂಗಿನಮರಕ್ಕೆ ಸಿಗುವ ಗೌರವವನ್ನೇ ಹುಡುಗಿ ನನಗೆ ದಯಪಾಲಿಸಿದ್ದಳು. ಹಾಗಾದರೆ ತಲೆಗಿಂತ ಎತ್ತರದಲ್ಲಿ ಬೇರೆ ಏನನ್ನಾದರೂ ಹಿಡಿಯಬೇಕು ಎಂಬ ಉಪಾಯವನ್ನೂ ಅವಳೇ ಹೇಳಿದ್ದರಿಂದ, ಕೋಲಾಗಲಿ ಕೊಡೆಯಾಗಲಿ ಇಲ್ಲದ ನಾನು ಬಲಗೈಯನ್ನು ನೇರವಾಗಿ ಮೇಲಕ್ಕೆತ್ತಿ ನಡೆಯತೊಡಗಿದೆ.

ಉಪಾಯ ಫಲಿಸಿತು. ಟರ್ನ್‌ಗಳು ನೆತ್ತಿಯನ್ನು ಬಿಟ್ಟು ಬೆರಳಿನ ಸುತ್ತ ಹಾರಾಡತೊಡಗಿದವು. ಆದರೆ ತರಗತಿಯ ಹಿಂದಿನ ಬೆಂಚಿನ ಹುಡುಗನಂತೆ ಕೈಯೆತ್ತಿ ನಿಂತ ನನ್ನನ್ನು ದೂರದಿಂದ ಕಂಡ ಸ್ವಯಂಸೇವಕಿಯೊಬ್ಬರು ಕೈಯಲ್ಲಿದ್ದ ಕೆಲಸ ಬಿಟ್ಟು ಸರಸರನೆ ಬಂದು, ಮುಖದ ತುಂಬಾ ನಗೆ ತುಂಬಿಕೊಂಡು, ನನ್ನ ಪ್ರಶ್ನೆ ಏನೆಂದು ಕೇಳಿದರು. ಅವರ ಟೋಪಿಯ ಮೇಲೆ ಬಿಳಿಯ ಕಲೆಗಳು ಪದಕಗಳಂತೆ ಒಣಗಿದ್ದವು. ಪ್ರಶ್ನೆಯೇನೂ ಇಲ್ಲ, ಪ್ರಾಣ ಉಳಿಸಿಕೊಳ್ಳುತ್ತಿದ್ದೇನೆ ಎಂದು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಉತ್ಸಾಹದಿಂದ ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ದಾಕ್ಷಿಣ್ಯವಾಗಿ, ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿದ್ದ ಏಕೈಕ ಪ್ರಾಮಾಣಿಕ ಪ್ರಶ್ನೆಯನ್ನು ಕೇಳಿದೆ: "ಇವು ಇಲ್ಲಿಂದ ಯಾವಾಗ ಹೋಗುತ್ತವೆ?"

ವಲಸೆಯ ಬಗೆಗಿನ ಜ್ಞಾನದಾಹವೆಂದು ಅದನ್ನು ಭಾವಿಸಿದ ಆಕೆ, ನನ್ನ ಕೈ ಇಳಿಯುವವರೆಗೂ ವಿವರಿಸಿದರು. ಕೈ ಇಳಿಸುವ ಸ್ಥಿತಿಯಲ್ಲಿ ನಾನಿರಲಿಲ್ಲವಾದ್ದರಿಂದ ವಿವರಣೆ ಉದ್ದವಾಯಿತು. ಜುಲೈ ಕಳೆಯುವ ಹೊತ್ತಿಗೆ ಇವು ಮರಿಗಳೊಂದಿಗೆ ಹೊರಟು, ಆಫ್ರಿಕಾದ ಪಕ್ಕದಿಂದ ದಕ್ಷಿಣಕ್ಕೆ ಸಾಗಿ, ಅಂಟಾರ್ಕ್ಟಿಕಾದ ಹಿಮದ ಅಂಚಿನಲ್ಲಿ ಅಲ್ಲಿನ ಬೇಸಿಗೆಯನ್ನು ಕಳೆದು, ಮೇ ತಿಂಗಳಲ್ಲಿ ಮತ್ತೆ ಇದೇ ದ್ವೀಪಕ್ಕೆ ಮರಳುತ್ತವೆ. ಒಂದೇ ವರ್ಷದಲ್ಲಿ ಎರಡು ಬೇಸಿಗೆಗಳನ್ನು ಉಣ್ಣುವ ಇವುಗಳಷ್ಟು ಹಗಲಿನ ಬೆಳಕನ್ನು ಕಾಣುವ ಜೀವಿ ಇನ್ನೊಂದಿಲ್ಲ. 2015ರಲ್ಲಿ ಇಲ್ಲಿನ ಕೆಲವು ಹಕ್ಕಿಗಳ ಕಾಲಿಗೆ ಒಂದು ಗ್ರಾಂಗಿಂತಲೂ ಹಗುರವಾದ ಸಾಧನವನ್ನು ಕಟ್ಟಿ ಕಳುಹಿಸಿದಾಗ, ಅವುಗಳಲ್ಲೊಂದು ಹೋಗಿ ಬಂದ ಹಾದಿ ಒಟ್ಟು 96,000 ಕಿಲೋಮೀಟರ್ ಆಗಿತ್ತು. 1982ರ ಬೇಸಿಗೆಯಲ್ಲಿ ಇಲ್ಲಿ ಹುಟ್ಟಿ ಕಾಲಿಗೆ ಉಂಗುರ ತೊಡಿಸಿಕೊಂಡ ಮರಿಯೊಂದು ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿ ಸಿಕ್ಕಿತ್ತು. ರೆಕ್ಕೆ ಬಲಿತು ಮೂರು ತಿಂಗಳಿಗೆ 22,000 ಕಿಲೋಮೀಟರ್. ಆ ವಯಸ್ಸಿನಲ್ಲಿ ನಾನು ಇನ್ನೂ ಮಗುಚಿಕೊಳ್ಳಲು ಕಲಿಯುತ್ತಿದ್ದೆನೆಂದು ಅಮ್ಮ ಹೇಳುತ್ತಾರೆ. ಭೂಮಿಯ ಅರ್ಧವನ್ನು ದಾಟಿ ಈ ಎರಡಡಿ ಮಣ್ಣಿಗಾಗಿಯೇ ಬಂದ ಜೀವಕ್ಕೂ, ಬೆಳಿಗ್ಗೆ ತಿಂಡಿ ತಿಂದು ದೋಣಿ ಹತ್ತಿದವನಿಗೂ ಜಾಗದ ವ್ಯಾಜ್ಯ ಬಂದರೆ ಹಕ್ಕು ಹಕ್ಕಿಯದೇ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ತೀರ್ಪನ್ನು ನೆತ್ತಿಯ ಮೇಲೆ ಬರೆಯಬೇಕಾದ ಅಗತ್ಯವಿರಲಿಲ್ಲ.

ವಿವರಣೆ ಮುಗಿದ ಮೇಲೆ ನಡುಗುತ್ತಿದ್ದ ತೋಳಿಗೆ ವಿಶ್ರಾಂತಿ ಬೇಕಾಗಿ, ಕ್ಯಾಮೆರಾ ಚೀಲವನ್ನಿಡಲು ದಾರಿಯ ಅಂಚಿನಲ್ಲಿ ಒಣಹುಲ್ಲಿನ ಕಂದು ಗುಪ್ಪೆಯೊಂದನ್ನು ನೋಡಿ ಬಗ್ಗಿದೆ. ಗುಪ್ಪೆಗೆ ಒಂದು ಕಣ್ಣಿತ್ತು. ಅದು ಮಿಟುಕಿಸಲಿಲ್ಲ. ಸುಮಾರು ಇಪ್ಪತ್ತೈದು ದಿನ ಬಹುಮಟ್ಟಿಗೆ ಉಪವಾಸವಿದ್ದು, ತನ್ನ ಎದೆಯ ತುಪ್ಪುಳವನ್ನೇ ಕಿತ್ತು ಹಾಸಿಗೆ ಮಾಡಿ, ಕದಲದೆ ಕಾವು ಕೂರುವ ಐಡರ್ ಬಾತು ಅದು. ಇದರ ಗಂಡು ಬಿಳಿ ಮತ್ತು ಕಪ್ಪಿನ ಉಡುಪಿನಲ್ಲಿ ಮದುವೆ ಮನೆಗೆ ಬಂದವನಂತೆ ನೀರಿನಲ್ಲಿ ಓಡಾಡುತ್ತದೆ. ಕಾವಿನ ಸಹವಾಸಕ್ಕೆ ಬರುವುದಿಲ್ಲ. 676ರಲ್ಲಿ ಈ ದ್ವೀಪಕ್ಕೆ ಏಕಾಂತವನ್ನು ಅರಸಿ ಬಂದು 687ರಲ್ಲಿ ಇಲ್ಲಿಯೇ ತೀರಿಕೊಂಡ ಕತ್‌ಬರ್ಟ್ ಎಂಬ ಸಂತ ಈ ಬಾತುಗಳಿಗೆ ರಕ್ಷಣೆ ಕೊಟ್ಟನೆಂದು ಪ್ರತೀತಿ. ಆ ಸೀಮೆಯ ಜನ ಇದನ್ನು ಈಗಲೂ ಅವನ ಮುದ್ದುಹೆಸರಿನಿಂದಲೇ, 'ಕಡಿ ಬಾತು' ಎಂದು ಕರೆಯುತ್ತಾರೆ. ಹದಿಮೂರು ಶತಮಾನಗಳಿಂದ ಸಂತನ ಅಭಯದಲ್ಲಿರುವ ವಂಶದ ಮೇಲೆ ನಾನು ಎರಡು ಕಿಲೋ ತೂಕದ ಚೀಲವನ್ನು ಇಡುವುದರಲ್ಲಿದ್ದೆ. "ಕ್ಷಮಿಸಿ" ಎಂದು ಕನ್ನಡದಲ್ಲಿಯೇ ಹೇಳಿ, ಬಗ್ಗಿದ ಭಂಗಿಯಲ್ಲಿಯೇ ಹಿಂದೆ ಸರಿದೆ. ಬೆದರಿಸಿ ಎಬ್ಬಿಸಿದರೆ ಈ ಬಾತು ಹಾರುವ ಮುನ್ನ ತನ್ನ ಮೊಟ್ಟೆಗಳ ಮೇಲೆ ಸಹಿಸಲಾಗದ ದುರ್ನಾತದ ಹಿಕ್ಕೆಯನ್ನು ಸುರಿದು ಹೋಗುತ್ತದೆಂದು ಪುಟ್ಟಿ ಆಮೇಲೆ ಹೇಳಿದಳು. ಇಂಥ ಮಾಹಿತಿಯನ್ನು ಅವಳು ಯಾವಾಗಲೂ ಆಮೇಲೆಯೇ ಹೇಳುತ್ತಾಳೆ.

ಬಂಡೆಯಂಚಿನ ಶ್ಯಾಗ್ ಎಂಬ ಹಸಿರುಗಣ್ಣಿನ ನೀರುಕಾಗೆಗಳ ಬಗ್ಗೆ, ಕಿಕ್ಕಿರಿದ ಬಸ್ಸಿನಲ್ಲಿ ನಿಂತಂತೆ ನಿಂತು ಗೂಡೇ ಇಲ್ಲದ ಕಲ್ಲಿನ ಮೇಲೆ ಪೇರಳೆಯಾಕಾರದ ಮೊಟ್ಟೆಯಿಡುವ ಗಿಲ್ಲಿಮಾಟ್‌ಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಲ್ಲಿನ ನಾತಕ್ಕೆ ನಾನು ಉಸಿರು ಕಟ್ಟಿಕೊಂಡಿದ್ದೆ. ಉಸಿರು ಕಟ್ಟಿಕೊಂಡವನಿಗೆ ವೀಕ್ಷಣೆಯ ಸಮಯ ಕಡಿಮೆ.

ನಾನು ಬಂದದ್ದೇ ಪಫಿನ್ ಎಂಬ ಹಕ್ಕಿಗಳಿಗಾಗಿ. 2018ರ ಗಣತಿಯಲ್ಲಿ ಈ ದ್ವೀಪಗಳಲ್ಲಿ ಸುಮಾರು 44,000 ಜೋಡಿಗಳಿದ್ದವೆಂದ ಮೇಲೆ ಒಂದಾದರೂ ಒಳ್ಳೆಯ ಚಿತ್ರ ಸಿಕ್ಕೀತೆಂಬ ಆಸೆ ದುರಾಸೆಯೇನಲ್ಲ. ಆದರೆ ನೆಲದ ಮೇಲೆ ತುಂಬು ಹೊಟ್ಟೆಯ ಗುಮಾಸ್ತನಂತೆ ನಡೆಯುವ ಈ ಹಕ್ಕಿ ಹಾರತೊಡಗಿದರೆ ಎಸೆದ ಕಲ್ಲಿನಂತೆ ಹೋಗುತ್ತದೆ. ಮನೆಗೆ ಬಂದು ನೋಡಿದಾಗ ನನ್ನ ಬಳಿ ಇದ್ದದ್ದು ಪಫಿನ್ ಈಗಷ್ಟೇ ಬಿಟ್ಟುಹೋದ ಹುಲ್ಲಿನ ನೂರಾರು ಚಿತ್ರಗಳು, ಮತ್ತು ಕಿತ್ತಳೆ ಬಣ್ಣದ ಒಂದು ಪಾದ. ಒಂದೇ ಒಂದು ಪಫಿನ್ ಮಾತ್ರ ನನ್ನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ಬಂದಿಳಿದು ನಿಂತುಬಿಟ್ಟಿತು. ಅದರ ಬಣ್ಣದ ಕೊಕ್ಕಿನಲ್ಲಿ ಏಳೆಂಟು ಸ್ಯಾಂಡ್ ಈಲ್ ಮೀನುಗಳು ಮೀಸೆಯಂತೆ ಎರಡೂ ಬದಿಗೆ ಜೋತಾಡುತ್ತಿದ್ದವು. ನಾಲಿಗೆಯ ಮತ್ತು ಅಂಗುಳಿನ ಮುಳ್ಳುಗಳ ನಡುವೆ ಹಳೆಯ ಮೀನುಗಳನ್ನು ಒತ್ತಿ ಹಿಡಿದುಕೊಂಡೇ ಹೊಸದನ್ನು ಹಿಡಿಯಬಲ್ಲ ಕಸುಬುದಾರ ಹಕ್ಕಿಯದು. ಅದು ನನ್ನನ್ನು ನೋಡಿತು, ಎಡಕ್ಕೆ ಎರಡು ಹೆಜ್ಜೆ ಹೋಯಿತು, ಬಲಕ್ಕೆ ಎರಡು ಹೆಜ್ಜೆ ಬಂದಿತು, ಮತ್ತೆ ನನ್ನನ್ನು ನೋಡಿತು. ಚಿತ್ರಕ್ಕಾಗಿ ಭಂಗಿ ಕೊಡುತ್ತಿದೆಯೆಂದು ಹಿಗ್ಗಿದ ನಾನು ಒಂದು ಮೊಣಕಾಲೂರಿ ಲೆನ್ಸ್ ತಿರುಗಿಸತೊಡಗಿದೆ.

"ಮಾಮ, ಅದರ ಬಿಲ ನಿನ್ನ ಹಿಂದೆ ಇದೆ. ದಾರಿ ಬಿಡು!"

ನಾನು ಹಿಂದೆ ತಿರುಗಿ ನೋಡಿ, ಮುಂದೆ ನೋಡುವಷ್ಟರಲ್ಲಿ ಗಲ್ ಎಂಬ ಕರಿತಲೆಯ ಕಡಲಕ್ಕಿಯೊಂದು ಮೇಲಿನಿಂದ ಎರಗಿ, ಪಫಿನ್ ಕೊಕ್ಕಿನ ಮೀಸೆಯನ್ನು ಪೂರ್ತಿ ಬೋಳಿಸಿಕೊಂಡು ಹಾರಿಹೋಯಿತು. ಸಮುದ್ರದಿಂದ ಮೀನು ಹೊತ್ತು ಬರುವ ಪಫಿನ್‌ಗಳನ್ನು ದೋಚುವುದೇ ಆ ಕಡಲಕ್ಕಿಗಳ ಜೀವನೋಪಾಯ. ತಡವಾದಷ್ಟೂ ಅವುಗಳಿಗೆ ಲಾಭ. ತಡ ಮಾಡಿಸಿದವನು ನಾನು. ಬಿಲದೊಳಗೆ ಕತ್ತಲಲ್ಲಿ ಕಾಯುತ್ತಿದ್ದಿರಬಹುದಾದ ಒಂದೇ ಮರಿಯ ಊಟ ನನ್ನ ಒಂದು ಚಿತ್ರದ ಆಸೆಗೆ ಹೋಯಿತು. ಪಫಿನ್ ಕಿರುಚಲಿಲ್ಲ, ಕುಕ್ಕಲಿಲ್ಲ. ಖಾಲಿ ಕೊಕ್ಕನ್ನು ಒಮ್ಮೆ ಕೊಡವಿ, ನನ್ನನ್ನು ಇನ್ನೊಮ್ಮೆ ನೋಡಿ, ಮತ್ತೆ ಸಮುದ್ರದ ಕಡೆಗೆ ಹಾರಿತು. ಟರ್ನ್‌ನ ಹತ್ತು ಕುಕ್ಕುಗಳಿಗಿಂತ ಆ ನೋಟ ಜೋರಾಗಿ ಬಡಿಯಿತು. ಪುಟ್ಟಿ ಏನೂ ಹೇಳಲಿಲ್ಲ. ಚೀಲದಿಂದ ಹಳದಿ ಟೋಪಿಯನ್ನು ತೆಗೆದು ಚಾಚಿದಳು. ನಾನೂ ಏನೂ ಹೇಳದೆ ಹಾಕಿಕೊಂಡೆ. ಅದು ನನ್ನ ತಲೆಯ ಮೇಲೆ ಉಪ್ಪಿನಕಾಯಿ ಜಾಡಿಗೆ ಲೋಟ ಮುಚ್ಚಿದಂತೆ ಕುಳಿತಿತು. ಅದರ ಮೇಲೂ ಒಂದು ಕೈ ಎತ್ತಿಕೊಂಡೇ ದೋಣಿಯವರೆಗೆ ನಡೆದೆ.

ಆ ದಿನದ ಎಲ್ಲ ಚಿತ್ರಗಳಲ್ಲಿ ಸ್ಪಷ್ಟವಾಗಿ ಬಂದದ್ದು ಆಗ ಪುಟ್ಟಿ ತನ್ನ ಫೋನಿನಲ್ಲಿ ತೆಗೆದ ಒಂದೇ ಚಿತ್ರ: ನನ್ನ ಎತ್ತಿದ ಬೆರಳಿನ ತುದಿಯಲ್ಲಿ ರೆಕ್ಕೆ ಹರಡಿ ಇಳಿಯುತ್ತಿರುವ ಟರ್ನ್, ಅದರ ಒಂದೊಂದು ಗರಿಯೂ ಎಣಿಸುವಂತಿದೆ, ಕೆಳಗೆ ನಗುತ್ತಿರುವ ಬಾತುಕೋಳಿ, ಅದರ ಕೆಳಗೆ ನಗದಿರುವ ನಾನು. ನಾನು ದಡ ಸೇರುವ ಮೊದಲೇ ಅದು ನಮ್ಮ ಮನೆಯವರ ವಾಟ್ಸಾಪ್ ಗುಂಪನ್ನು ಸೇರಿತ್ತು.

ಸಂಜೆ ಸೀಹೌಸಸ್‌ನ ಬಸ್ ನಿಲ್ದಾಣದಲ್ಲಿ ಪುಟ್ಟಿ ನನ್ನಿಂದ ಮೂರು ಮಾರು ದೂರದಲ್ಲಿ ಗಾಳಿಗೆ ಎದುರಾಗಿ ನಿಂತಿದ್ದಳು. ನನ್ನ ಕೋಟಿನ ಬೆನ್ನಿನ ಮೇಲೆ ನನಗೆ ಕಾಣದ, ಆದರೆ ಉಳಿದೆಲ್ಲರ ಮೂಗಿಗೆ ತಿಳಿಯುವ ದ್ವೀಪದ ನೆನಪುಗಳಿದ್ದವು. ಅಷ್ಟರಲ್ಲಿ ಬಂದರಿನ ಕಡೆಯಿಂದ ಕಡಲಕ್ಕಿಯೊಂದು ಕೂಗಿತು. ನನ್ನ ಬಲಗೈ ತಾನಾಗಿಯೇ ಮೇಲೇರಿತು. ಎದುರಿಗೆ ವೇಗವಾಗಿ ಬರುತ್ತಿದ್ದ ಬಸ್ಸು ಕೀಚಲು ದನಿ ಮಾಡಿ ನಿಂತು, ಬಾಗಿಲು ತೆರೆದು, ಚಾಲಕ ನನ್ನ ಕಡೆಗೆ ಬಾಗಿ, ಎಲ್ಲಿಗೆಂದು ವಿನಯದಿಂದ ಕೇಳಿದ. ಅದು ನಮ್ಮ ಬಸ್ಸಲ್ಲ, ನಮ್ಮ ದಿಕ್ಕಿನದೂ ಅಲ್ಲ. ಆದರೆ ಅಷ್ಟು ಪ್ರೀತಿಯಿಂದ ನಿಲ್ಲಿಸಿದವನಿಗೆ ಇಲ್ಲವೆನ್ನಲು ದಾಕ್ಷಿಣ್ಯವಾಗಿ, ಇಬ್ಬರೂ ಹತ್ತಿ ಕುಳಿತೆವು. ಪುಟ್ಟಿ ಮುಂದಿನ ಸೀಟಿನಲ್ಲಿ, ನಾನು ಹಿಂದೆ, ಕಿಟಕಿ ತೆರೆದುಕೊಂಡು.