ಮೊದಲು ಮೆಟ್ಟಿಲು, ಆಮೇಲೆ ಹೊಳೆ

ಹುಬ್ಬಳ್ಳಿಯಲ್ಲಿ ಕುಳಿತು ದೋಣಿ ಕೊಳ್ಳುತ್ತೇನೆ ಎಂದು ಹೇಳಿ ನೋಡಿ. ಬೆಲೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ‘ನಿಮ್ಮ ಓಣಿಗೆ ನೀರು ಬಿಟ್ಟು ಎಷ್ಟು ದಿನವಾಯಿತು?’ ಎಂದು ಕೇಳುತ್ತಾರೆ. ಮಲಪ್ರಭೆಯ ನೀರು ಸವದತ್ತಿಯ ರೇಣುಕಾ ಸಾಗರದಿಂದ ಕೊಳವೆ ಹಿಡಿದು ಹೊರಟು, ನಮ್ಮ ನಳದಲ್ಲಿ ಯಾವ ಅಪರಾತ್ರಿಯಲ್ಲಿ ಬಂದು ಕೆಮ್ಮುತ್ತದೋ ಎಂದು ಕೊಡ ತೊಳೆದಿಟ್ಟು ಕಾಯುವ ಜನ ನಾವು. ಅಂಥ ಊರಿನಲ್ಲಿ ನೀರಿನ ಮೇಲೆ ತೇಲಲಿಕ್ಕೆಂದೇ ದುಡ್ಡು ಕೂಡಿಡುವವನ ತಲೆಯ ಬಗ್ಗೆ ನಾಲ್ಕು ಜನ ನಾಲ್ಕು ಮಾತಾಡಿದರೆ ಅವರನ್ನು ದೂರುವಂತಿಲ್ಲ.

ಗಾಳದ ಚಟ ನನಗೆ ಹತ್ತಿದ್ದು ಹೆಂಡತಿಯ ತವರಿನಲ್ಲಿ. ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆಯನ್ನು ಸೇರುತ್ತಾಳಲ್ಲ, ಅಲ್ಲಿಂದ ಬಹಳ ದೂರವಿಲ್ಲದ ಊರು. ದಂಡೆಯ ಮೇಲೆ ಕುಳಿತು ಎರೆಹುಳು ಸಿಕ್ಕಿಸಿ ಗಾಳ ಎಸೆದರೆ ಬರುವುದು ಅಂಗೈಯಗಲದ ಜಿಲೇಬಿ ಮೀನು. ಕಾಟ್ಲಾ, ರೋಹುಗಳಂಥ ತೂಕದ ಕುಳಗಳು ನಡುನೀರಿನಲ್ಲಿ ಹರಿಗೋಲಿನವರ ಬಲೆಗಷ್ಟೇ ದರ್ಶನ ಕೊಡುತ್ತವೆ. ನಡುನೀರಿಗೆ ಹೋಗಬೇಕು, ಅದೂ ಸ್ವಂತ ವಾಹನದಲ್ಲಿ ಎಂಬ ಆಸೆ ಹೀಗೆ ಹುಟ್ಟಿತು.

ಹುಬ್ಬಳ್ಳಿಯಲ್ಲೇ ಉಣಕಲ್ ಕೆರೆ ಇಲ್ಲವೇ ಎನ್ನುವವರಿದ್ದಾರೆ. ಇದೆ. ನಡುವೆ ವಿವೇಕಾನಂದರ ಪ್ರತಿಮೆಯೂ ಇದೆ. ಆದರೆ ಅಂತರಗಂಗೆ ಹಬ್ಬಿದ ಕಾಲದಲ್ಲಿ ಅಲ್ಲಿ ಹುಟ್ಟಿಗಿಂತ ಕುಡುಗೋಲು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗೋಣ ಎಂದು ಗೆಳೆಯರೊಬ್ಬರು ಸೂಚಿಸಿದರು. ಅದು ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳ ಬಿಡಾರ. 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸಾರ್ ಪಟ್ಟಿಗೂ ಸೇರಿತು. ಅಷ್ಟು ದೂರದಿಂದ ಬಂದ ನೆಂಟರ ನಡುವೆ ಹುಟ್ಟು ಹಾಕುತ್ತ ನುಗ್ಗುವುದು ಮರ್ಯಾದೆಯೂ ಅಲ್ಲ, ಕಾಯಿದೆಯೂ ಅಲ್ಲ. ಉಳಿದ ಕೆರೆಗಳಲ್ಲಿ ಮೀನಿನ ಹಕ್ಕು ಬಹುಮಟ್ಟಿಗೆ ಗುತ್ತಿಗೆಗೆ ಹೋಗಿರುತ್ತದೆ. ಮರಿ ಬಿಟ್ಟು ಬೆಳೆಸಿದವರು ದಂಡೆಯ ಮೇಲೆ ಕೋಲು ಹಿಡಿದು ಕುಳಿತಿರುತ್ತಾರೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಕೊಂಡು, ಮಾವನ ಮನೆಯ ಹೊಳೆಗೇ ಇಳಿಯುವುದೆಂದು ತೀರ್ಮಾನವಾಯಿತು.

ನನಗೆ ಬೇಕಾದದ್ದು ಕಯಾಕ್, ಅಂದರೆ ಕುಳಿತು ಹುಟ್ಟು ಹಾಕುವ ಕಿರಿದಾದ ಸಣ್ಣ ದೋಣಿ. ಅದನ್ನು ಆರಿಸುವುದು ಹೇಗೆಂದು ಹೇಳಿಕೊಡುವ ವಿಡಿಯೊಗಳಲ್ಲಿ ಎಲ್ಲರೂ ನೀರಿನಿಂದಲೇ ಆರಂಭಿಸುತ್ತಾರೆ. ಅಲೆ ಎಷ್ಟು, ಗಾಳಿ ಎಷ್ಟು, ಸೆಳವು ಎಷ್ಟು! ಅವರಿಗೆಲ್ಲ ಮನೆ ಪಕ್ಕದಲ್ಲಿ ಶೆಡ್ಡು, ಶೆಡ್ಡಿನ ಪಕ್ಕದಲ್ಲಿ ಕೆರೆ. ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿರುವವನು ಮೊದಲು ಅಳೆಯಬೇಕಾದದ್ದು ಮೆಟ್ಟಿಲನ್ನು. ಮೀನು ಹಿಡಿಯಲು ಯೋಗ್ಯವಾದ ಗಟ್ಟಿ ಕಯಾಕ್ ಎಂದರೆ ಹತ್ತರಿಂದ ಹನ್ನೆರಡು ಅಡಿ ಉದ್ದ, ಮೂವತ್ತು ಇಂಚಿಗಿಂತ ಹೆಚ್ಚು ಅಗಲ, ಮೂವತ್ತು ಕಿಲೋ ಆಸುಪಾಸಿನ ತೂಕ. ಅಗಲ ಹೆಚ್ಚಿದಷ್ಟೂ ಮಗುಚುವ ಭಯ ಕಡಿಮೆ, ವೇಗವೂ ಕಡಿಮೆ. ಉದ್ದ ಹೆಚ್ಚಿದಷ್ಟೂ ನೇರ ಸಾಗುತ್ತದೆ, ಆದರೆ ಮೆಟ್ಟಿಲಿನ ತಿರುವಿನಲ್ಲಿ ಸಾಗುವುದಿಲ್ಲ.

ಇದನ್ನು ಪರೀಕ್ಷಿಸಲು ಪರಿಚಯದ ಪ್ಲಂಬರಿನಿಂದ ಹತ್ತಡಿಯ ಪಿವಿಸಿ ಪೈಪು ತಂದು ಹೊತ್ತುಕೊಂಡು ಮೆಟ್ಟಿಲೇರಿದೆ. ತಿರುವಿನಲ್ಲಿ ಮುಂದಿನ ತುದಿ ಗೋಡೆಗೆ ತಾಗಿತು. ಹಿಂದಿನ ತುದಿ ಹೋಗಿ ಕೆಳಗಿನ ಮನೆಯ ಮಾಲೀಕರ ಗಂಟೆಯ ಗುಂಡಿ ಒತ್ತಿತು. ಅವರು ಬಾಗಿಲು ತೆರೆದು ಆಚೀಚೆ ನೋಡಿ ಮುಚ್ಚಿದರು. ನಾನು ಪೈಪನ್ನು ಓರೆ ಮಾಡಿದೆ. ಮತ್ತೆ ಗಂಟೆ. ಈ ಸಲ ಅವರು ತೆರೆದ ಬಾಗಿಲನ್ನು ಮುಚ್ಚಲಿಲ್ಲ.

‘ಏನು ಸರ್, ಮೇಲೆ ಬೋರ್ ಹಾಕಿಸುತ್ತಿದ್ದೀರಾ?’

‘ಇಲ್ಲ ಸರ್, ದೋಣಿ ಹಿಡಿಸುತ್ತದೆಯೇ ಎಂದು ನೋಡುತ್ತಿದ್ದೇನೆ.’

ಬಾಡಿಗೆ ಕರಾರುಪತ್ರದಲ್ಲಿ ನಾಯಿಯ ಬಗ್ಗೆ, ಗೋಡೆಗೆ ಮೊಳೆ ಹೊಡೆಯುವುದರ ಬಗ್ಗೆ ಕಲಮುಗಳಿವೆ. ದೋಣಿಯ ಕಲಮು ಇರಲಿಲ್ಲ. ಅವರು ಬಹಳ ಹೊತ್ತು ಯೋಚಿಸಿದ್ದು ಅದನ್ನೇ ಎಂದು ಅವರ ಮುಖ ಹೇಳುತ್ತಿತ್ತು.

ಗಟ್ಟಿ ದೋಣಿ ಮೇಲೇರದಿದ್ದರೆ ಗಾಳಿ ತುಂಬುವ ದೋಣಿ ಇದೆಯಲ್ಲ! ಮಡಚಿದರೆ ಒಂದು ಚೀಲ; ಅಗ್ಗದ ಮೊಬೈಲಿನ ಬೆಲೆಗೂ ಸಿಗುತ್ತದೆ. ಸಹೋದ್ಯೋಗಿಯೊಬ್ಬರು ಕೊಂಡು, ಒಮ್ಮೆಯೂ ನೀರಿಗಿಳಿಸದೆ ಅಟ್ಟದ ಮೇಲಿಟ್ಟಿದ್ದರು. ಅದನ್ನೇ ಎರವಲು ಪಡೆದು ತುಂಗಭದ್ರೆಯ ದಂಡೆಗೆ ಒಯ್ದೆ. ಕಾಲಿನಿಂದ ಒತ್ತುವ ಪಂಪಿನಲ್ಲಿ ಗಾಳಿ ತುಂಬುವಷ್ಟರಲ್ಲಿ ನನ್ನಲ್ಲಿದ್ದ ಗಾಳಿಯೆಲ್ಲ ಖಾಲಿಯಾಗಿತ್ತು. ಆದರೂ ದೋಣಿ ಬಿಗಿದು ನಿಂತಾಗ ಚೆಂದವಾಗಿ ಕಂಡಿತು. ಸಂತೋಷದಿಂದ ನೀರಿನತ್ತ ಎಳೆದೆ. ಹೊತ್ತು ಒಯ್ದಿದ್ದರೆ ಬೇರೆ ಮಾತು. ನಮ್ಮ ಹೊಳೆದಂಡೆಗಳಲ್ಲಿ ಮರಳಿಗಿಂತ ಹೆಚ್ಚು ಧಾರಾಳವಾಗಿರುವುದು ಬಳ್ಳಾರಿ ಜಾಲಿಯ ಮುಳ್ಳು, ಮತ್ತು ಅದು ಕಾಲಿಗೆ, ಟೈರಿಗೆ, ದೋಣಿಗೆ ಎಂದು ಭೇದ ಮಾಡುವುದಿಲ್ಲ.

ಗುತ್ತಲದಲ್ಲಿ ಟ್ರ್ಯಾಕ್ಟರ್ ಟ್ಯೂಬುಗಳಿಗೆ ಪಂಕ್ಚರ್ ಹಾಕುವವನ ಮುಂದೆ ಅದನ್ನು ಹಾಸಿದೆ. ಅವನ ನೀರಿನ ತೊಟ್ಟಿಗೆ ಅದರ ಮೂತಿ ಮಾತ್ರ ಹಿಡಿಯಿತು. ಹಾಗಾಗಿ ಬಟ್ಟೆ ಸೋಪು ಕಲಸಿ, ಬಣ್ಣ ಬಳಿಯುವ ಬ್ರಶ್ಶಿನಿಂದ ನೊರೆಯನ್ನು ಒಂದು ತುದಿಯಿಂದ ಸವರುತ್ತ ಬಂದ. ಸುತ್ತ ಹುಡುಗರು ಸೇರಿದರು. ಬಾಲದ ಹತ್ತಿರ, ಹೊಲಿಗೆಯಿಂದ ನಾಲ್ಕು ಬೆರಳು ಈಚೆಗೆ, ಒಂದೇ ಕಡೆ ನೊರೆ ಸಣ್ಣಗೆ ಉಸಿರಾಡತೊಡಗಿತು. ಅಲ್ಲಿ ಪೆನ್ನಿನಿಂದ ಸುತ್ತು ಹಾಕಿದ, ಉಜ್ಜಿದ, ಸೊಲ್ಯೂಶನ್ ಸವರಿ ತೇಪೆ ಒತ್ತಿದ. ನಾನು ಕಿಸೆಗೆ ಕೈ ಹಾಕುವಷ್ಟರಲ್ಲಿ ತೇಪೆಯ ಒಂದು ಮೂಲೆ ಮೆಲ್ಲಗೆ ಮೇಲೆದ್ದಿತು.

‘ಇದು ರಬ್ಬರ್ ಅಲ್ಲ ಸಾಹೇಬರೇ, ರೇನ್‌ಕೋಟು. ತೇಪೆಗೆ ಏನೂ ಬೇಡ. ಸೋಪಿಗೆ ಹತ್ತು ರೂಪಾಯಿ ಕೊಡಿ.’

ಅವನು ಹೇಳಿದ್ದು ನಿಜ. ಅದು ಪಿವಿಸಿ, ಸೈಕಲ್ ಟ್ಯೂಬಿನ ಸೊಲ್ಯೂಶನ್ ಅದಕ್ಕೆ ನೆಟ್ಟಗೆ ಹಿಡಿಯುವುದಿಲ್ಲ, ಪಿವಿಸಿಯ ಅಂಟೇ ಬೇಕು. ದಪ್ಪ ಬಟ್ಟೆಯ, ಮೂರು ನಾಲ್ಕು ಬೇರೆ ಬೇರೆ ಕೋಣೆಗಳಿರುವ ಒಳ್ಳೆಯ ಗಾಳಿದೋಣಿಗಳೂ ಇವೆ. ಅವುಗಳ ಬೆಲೆ ಕೇಳಿದ ಮೇಲೆ ಗಟ್ಟಿ ದೋಣಿಯೇ ಅಗ್ಗ ಅನ್ನಿಸುತ್ತದೆ. ಮುಳ್ಳಿನ ನಾಡಿನಲ್ಲಿ ಗಾಳಿಯನ್ನು ನಂಬಿ ನಡುಹೊಳೆಗೆ ಹೋಗುವುದಕ್ಕೆ ನನ್ನ ವೋಟಿಲ್ಲ.

ಅಷ್ಟರಲ್ಲಿ ದಾಂಡೇಲಿಯ ಕಡೆ ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತಿದ್ದ ಹಳೆಯ ಕಯಾಕ್‌ಗಳು ಮಾರಾಟಕ್ಕಿವೆ ಎಂಬ ಸುದ್ದಿ ಬಂತು. ಮನೆಯ ಮೇಲಿನ ನೀರಿನ ಟ್ಯಾಂಕು ತಯಾರಾಗುವ ರೀತಿಯಲ್ಲೇ ಇವೂ ತಯಾರಾಗುತ್ತವೆ: ಅಚ್ಚಿಗೆ ಪ್ಲಾಸ್ಟಿಕ್ ಪುಡಿ ಸುರಿದು, ಕಾಯಿಸುತ್ತ ತಿರುಗಿಸುವುದು. ಟ್ಯಾಂಕು ನೀರನ್ನು ಒಳಗಿಟ್ಟುಕೊಳ್ಳಬೇಕು, ಇದು ಹೊರಗಿಡಬೇಕು, ಅಷ್ಟೇ ವ್ಯತ್ಯಾಸ. ಆದ್ದರಿಂದ ಮೇಲೆ ಗೀರುಗಳಿದ್ದರೆ ಚಿಂತೆಯಿಲ್ಲ, ಬಿರುಕು ಇರಬಾರದು.

ಮಾರುವವರು ಪರೀಕ್ಷೆಗೆಂದು ಎರಡು ಕಯಾಕ್‌ಗಳನ್ನು ನವಲಗುಂದದ ಕಡೆಯ ಗೆಳೆಯನ ಹೊಲಕ್ಕೆ ತಂದರು. ಅಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವಿತ್ತು. ಚಿಕ್ಕದರ ಮೇಲೆ ಕುಳಿತೆ. ಇವು ಒಳಗೆ ಕಾಲು ತೂರಿಸುವಂಥವಲ್ಲ, ಮೇಲೆ ಕೂಡುವಂಥವು. ಮಗುಚಿದರೂ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಎರಡು ಸಲ ಹುಟ್ಟು ಹಾಕಿದ್ದೆನೋ ಇಲ್ಲವೋ, ಕುಳಿತ ಜಾಗ ತಣ್ಣಗಾಯಿತು. ನೋಡಿದರೆ ದೋಣಿಯ ತಳದಲ್ಲಿ ತೂತುಗಳು! ತೂತುಗಳಿಂದ ನೀರು ಗುಳುಗುಳು ಮೇಲೇರುತ್ತಿದೆ! ‘ತೂತು, ತೂತು’ ಎಂದು ನಾನು ಕೂಗಿದೆ. ದಂಡೆಯ ಮೇಲಿದ್ದ ಮಾರಾಟಗಾರ, ‘ಇರಲೇಬೇಕು ಸರ್’ ಎಂದು ಸಮಾಧಾನವಾಗಿ ಉತ್ತರಿಸಿದ. ಮೇಲೆ ಬಿದ್ದ ನೀರು ಕೆಳಗೆ ಹರಿದುಹೋಗಲೆಂದು ಬಿಟ್ಟ ತೂತುಗಳಂತೆ. ಆದರೆ ಮೇಲೆ ಕುಳಿತವನ ಭಾರ ಹೆಚ್ಚಾದರೆ ನೀರು ತನ್ನ ದಿಕ್ಕು ಬದಲಿಸುತ್ತದೆ. ಆ ದೋಣಿ ಹೊರುವ ಭಾರ 120 ಕಿಲೋ ಎಂದು ಚೀಟಿಯಲ್ಲಿತ್ತು. ಚೀಟಿಯಲ್ಲಿರುವುದರ ನೂರಕ್ಕೆ ಎಪ್ಪತ್ತನ್ನು ಮಾತ್ರ ನಂಬಬೇಕೆಂಬುದು ಬಲ್ಲವರ ಲೆಕ್ಕ, ಅಂದರೆ 84. ನನ್ನ ತೂಕ 92, ಬುತ್ತಿ ಗಂಟು ಬಿಟ್ಟು.

ಹೊಂಡದಿಂದ ಮೇಲೆ ಬರುವುದು ಬೇರೆಯೇ ಅಧ್ಯಾಯ. ಆ ಹಾಳೆಗೆ ಪಾಚಿ ಹಿಡಿದರೆ ಕಾಲು ನಿಲ್ಲುವುದಿಲ್ಲ. ಈಜು ಬಲ್ಲವರೂ ಹತ್ತಲಾರದೆ ಸೋಲುವ ಜಾಗವದು. ಗೆಳೆಯ ಮೊದಲೇ ಹಗ್ಗ ಇಳಿಬಿಟ್ಟಿದ್ದ. ಮೂವರು ಎಳೆದರು. ಎಳೆಯುವಾಗ ಅವರು ಹಾಕಿದ ‘ಐಸಾ’ ಪಕ್ಕದ ಹೊಲದ ತನಕ ಕೇಳಿಸಿ, ಅಲ್ಲಿಂದಲೂ ಇಬ್ಬರು ಬಂದರು.

ದೊಡ್ಡದು ಹನ್ನೊಂದಡಿ, 160 ಕಿಲೋ ಹೊರುವಂಥದ್ದು. ಬಿಸಿಲಿಗೆ ಬಣ್ಣ ಹೋಗಿತ್ತು, ಸೀಟು ಇರಲಿಲ್ಲ, ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಅದನ್ನೇ ಕೊಂಡೆ. ಆಟೊ ಸೀಟು ಹೊಲಿಯುವವರು ಕೆಂಪು ರೆಕ್ಸಿನ್ನಿನ ಸೀಟು ಹೊಲಿದುಕೊಟ್ಟರು. ಮೆಟ್ಟಿಲಿನ ಗೊಡವೆ ಬೇಡವೆಂದು ದೋಣಿಯನ್ನು ನೇರವಾಗಿ ಸರಕಿನ ಗಾಡಿಯಲ್ಲಿ ಮಾವನ ಮನೆಗೆ ಸಾಗಿಸಿದೆವು. ಶಿಗ್ಗಾವಿಯಲ್ಲಿ ಚಹಾಕ್ಕೆ ನಿಂತಾಗ ಹಿರಿಯರೊಬ್ಬರು ಅದನ್ನು ತಟ್ಟಿ ನೋಡಿ, ‘ಎಮ್ಮೆಗೆ ನೀರು ಕುಡಿಸುವ ಬಾನಿಯೇ? ಒಳ್ಳೆಯ ದಪ್ಪವಿದೆ, ಎಲ್ಲಿ ಸಿಗುತ್ತದೆ?’ ಎಂದು ವಿಚಾರಿಸಿದರು.

ದುಡ್ಡು ಉಳಿಸುವ ಹುಮ್ಮಸ್ಸಿನಲ್ಲಿಯೂ ಲೈಫ್ ಜಾಕೆಟ್ ವಿಷಯದಲ್ಲಿ ಚೌಕಾಸಿ ಮಾಡಲಿಲ್ಲ. ಸೀಟು ಹಳೆಯದಿರಬಹುದು, ಹುಟ್ಟು ಹಳೆಯದಿರಬಹುದು. ಜಾಕೆಟ್ ಮಾತ್ರ ಹೊಸದು, ನನ್ನ ತೂಕಕ್ಕೆ ತಕ್ಕದ್ದೇ ಆಗಬೇಕು. ಆದರೆ ಆ ಕಿತ್ತಳೆ ಜಾಕೆಟ್ ತೊಟ್ಟು ಊರ ಬೀದಿಯಲ್ಲಿ ನಡೆದು ಹೊಳೆಗೆ ಹೊರಟದ್ದೇ ತಡ, ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ‘ಅಳಿಯಂದಿರೇ, ಯಾರು ಮುಳುಗಿದರು?’ ಯಾರೂ ಇಲ್ಲ ಎಂದರೆ ನಂಬಲಿಲ್ಲ. ನಾನು ಹೊಳೆ ಮುಟ್ಟುವಷ್ಟರಲ್ಲಿ ಅರ್ಧ ಊರು ದಂಡೆಗೆ ಬಂದಿತ್ತು. ಒಬ್ಬ ಹೆಂಗಸು ಶಾಲೆಯಿಂದ ತನ್ನ ಮಗನನ್ನು ಕರೆಸಿ, ಎದುರಿಗೆ ನಿಲ್ಲಿಸಿಕೊಂಡು ಖಾತ್ರಿ ಮಾಡಿಕೊಂಡಳು.

ನೀರಿನಲ್ಲಿ ಹರಿಗೋಲಿನ ಕಾಕಾ ಇದ್ದರು. ಬಿದಿರಿನ ಹೆಣಿಗೆ, ಕೆಳಗೆ ಡಾಂಬರು ಬಳಿದ ತಾಡಪಾಲು, ಒಂದೇ ಹುಟ್ಟು. ಮುಗಿದ ಮೇಲೆ ತಲೆಯ ಮೇಲೆ ಬೋರಲು ಹೊತ್ತು ಮನೆಗೆ ಹೋಗುತ್ತಾರೆ. ಅವರ ಮನೆಗೆ ಮೆಟ್ಟಿಲುಗಳಿಲ್ಲ. ನನ್ನ ದೋಣಿಯ ಸುತ್ತ ಒಂದು ಸುತ್ತು ಬಂದು ಬೆಲೆ ಕೇಳಿದರು. ಹೇಳಿದೆ. ‘ಬಲೆ ಸೇರಿಯೇ?’ ಎಂದರು. ಅಲ್ಲ ಎಂದೆ. ಅವರು ಆಮೇಲೆ ಬೆಲೆಯ ಮಾತು ಎತ್ತಲಿಲ್ಲ.

ಆ ಬೆಳಿಗ್ಗೆ ನನಗೆ ಒಂದು ರೋಹು ಸಿಕ್ಕಿತು. ನಡುನೀರಿನದು, ಎರಡು ಕಿಲೋಗೆ ಮೋಸವಿಲ್ಲ. ಎತ್ತಿ ಹಿಡಿದು ಮನೆಯಂಗಳಕ್ಕೆ ಬಂದರೆ ಅತ್ತೆಯವರು ಬಾಗಿಲಲ್ಲೇ ತಡೆದರು. ‘ಇಂದು ಸೋಮವಾರ. ಹೊಸ್ತಿಲು ದಾಟಿಸಬೇಡಿ.’ ಹೆಂಡತಿ ಒಳಗಿನಿಂದಲೇ, ‘ನಾನು ನಿನ್ನೆಯೇ ಹೇಳಿದ್ದೆ, ನೀವು ಆಗ ಹುಟ್ಟಿಗೆ ಎಣ್ಣೆ ಹಚ್ಚುತ್ತಿದ್ದಿರಿ’ ಎಂದಳು. ಹೊಳೆಗೆ ವಾಪಸು ಹೋಗಿ ಕಾಕಾ ಅವರಿಗೆ ಮೀನು ಕೊಟ್ಟೆ. ಅವರು ಬೇಡ ಎನ್ನಲಿಲ್ಲ, ತೂಗಿಯೂ ನೋಡಲಿಲ್ಲ.

ಸಂಜೆ ಹೊಲದ ಕಡೆಯಿಂದ ಹೆಂಡತಿಯ ತಮ್ಮನ ಫೋನು ಬಂತು. ‘ಭಾವ, ತೋಟದ ಮನೆಗೆ ಬೇಗ ಬನ್ನಿ. ಇಲ್ಲಿ ಸೋಮವಾರದ ಕಾಟವಿಲ್ಲ. ಹರಿಗೋಲಿನ ಕಾಕಾ ಅವರಿಂದ ಭರ್ಜರಿ ರೋಹು ಕೊಂಡಿದ್ದೇನೆ. ಮುನ್ನೂರು ಹೇಳಿದರು, ಚೌಕಾಸಿ ಮಾಡಿ ಎರಡು ನೂರಾ ಎಂಬತ್ತಕ್ಕೆ ಇಳಿಸಿದೆ.’